ತುಮಕೂರಿನ ಕೆಮ್ಮಿಗೆ ಕಿವಿಗೊಟ್ಟಂತೆ ನಮ್ಮ ಉಸಿರಿಗೂ ಕೊಡಿ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಹಾಗೂ ತಿಂಗಳುಗಟ್ಟಲೆ ಕೆಮ್ಮುತ್ತಿರುವವರನ್ನು ಮನೆಯಲ್ಲಿಟ್ಟುಕೊಂಡಿರುವ ಎಲ್ಲರಿಗೆ,

ಮಾನ್ಯರೇ,

31 ವರ್ಷ ಸರ್ಕಾರಿ ಆಸ್ಪತ್ರೆಗಳ ಎಕ್ಸ್‌ರೇ ಕೋಣೆಯಲ್ಲಿ ದುಡಿದು ನಿವೃತ್ತನಾದವನು ನಾನು. ಮಲೆನಾಡಿನ ಮೂರು ತಾಲ್ಲೂಕುಗಳಲ್ಲಿ ನನ್ನ ಸೇವೆ ಕಳೆಯಿತು. ದಿನವೂ ಹತ್ತಿಪ್ಪತ್ತು ಜನರಿಗೆ ಒಂದೇ ಮಾತು ಹೇಳುತ್ತಿದ್ದೆ: ‘ಗದ್ದ ಮೇಲಿಡಿ, ಭುಜ ಮುಂದೆ ತನ್ನಿ, ಜೋರಾಗಿ ಉಸಿರೆಳೆದುಕೊಳ್ಳಿ, ಹಾಗೇ ಹಿಡಿದುಕೊಳ್ಳಿ.’ ಗುಂಡಿ ಒತ್ತಿದ ಮೇಲೆ, ‘ಹಾಂ, ಬಿಡಿ.’ ಚಿತ್ರ ನನ್ನ ಕೈಗೆ ಬರುತ್ತಿತ್ತು. ಬಿಟ್ಟ ಉಸಿರು ಕೋಣೆಯ ಗಾಳಿಗೆ ಸೇರಿಹೋಗುತ್ತಿತ್ತು. ಅದರಲ್ಲೂ ಓದಬಹುದಾದದ್ದು ಏನಾದರೂ ಇದ್ದೀತು ಎಂಬ ಯೋಚನೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನಗೆ ಬಂದಿರಲಿಲ್ಲ. ಅಕ್ಕ ಹೋದ ಮೇಲೆ ಬಂತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬೀಡಿ, ಸಿಗರೇಟು ಮುಟ್ಟಿದವಳಲ್ಲ, ಅವಳ ಗಂಡನೂ ಸೇದುತ್ತಿರಲಿಲ್ಲ. ಆದರೆ ಹೊಗೆ ಅವಳಿಗೆ ಹೊಸದಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಹೊಗೆಗೂಡಿಲ್ಲದ ಅಡುಗೆಮನೆಯ ಒಲೆ ಊದಿದಳು. ಮದುವೆಯಾಗಿ ಹೋದ ಮನೆಯಲ್ಲಿ ಒಲೆಯ ಜೊತೆಗೆ ಅಡಿಕೆ ಬೇಯಿಸುವ ಹಂಡೆಯೂ ಸೇರಿತು. ಕೊಯ್ಲು ಶುರುವಾದರೆ ತಿಂಗಳುಗಟ್ಟಲೆ ಸುಲಿಯುವುದು, ಚೊಗರಿನಲ್ಲಿ ಬೇಯಿಸುವುದು, ಅಟ್ಟಕ್ಕೆ ಹರಡುವುದು. ಹಸಿ ಸೌದೆಯ ಹೊಗೆ ಸೀರೆಯ ನೂಲಿಗೆ ಇಳಿದು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮುಂದೆ ಗ್ಯಾಸ್ ಬಂತು, ಅಡುಗೆಮನೆ ಬೆಳ್ಳಗಾಯಿತು. ಬಚ್ಚಲ ಒಲೆ ಮಾತ್ರ ಆರಲಿಲ್ಲ. ಮಳೆಗಾಲದ ಊರಿನಲ್ಲಿ ಬಿಸಿನೀರಿಗೆ ಗ್ಯಾಸ್ ಸುಡುವಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ.

ಕೆಮ್ಮು ಶುರುವಾದಾಗ ಅವಳು ಹೇಳಿದ್ದು, ‘ಏನಿಲ್ಲ ಕಣೋ, ಹೊಗೆ ಕುಡಿದ ಗಂಟಲು.’ ಎರಡು ತಿಂಗಳಾದ ಮೇಲೆ ನಾನೇ ಎಕ್ಸ್‌ರೇ ತೆಗೆದೆ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ನೆರಳು. ನಮ್ಮ ಕೆಲಸದಲ್ಲಿ ಆ ಜಾಗದ ನೆರಳಿಗೆ ಮೊದಲು ನಾಲಿಗೆಗೆ ಬರುವ ಹೆಸರು ಕ್ಷಯ. ಕಫ ಎರಡು ಸಲ ಪರೀಕ್ಷೆಯಾಯಿತು, ಎರಡೂ ಸಲ ಸೂಕ್ಷ್ಮಾಣು ಸಿಗಲಿಲ್ಲ. ಆದರೂ ಕ್ಷಯದ ಮಾತ್ರೆ ಶುರುವಾಯಿತು. ಆಗ ಅದು ಎಲ್ಲ ಕಡೆ ನಡೆಯುತ್ತಿದ್ದ ರೂಢಿ. ನಾನೂ ಅದನ್ನೇ ನಂಬಿದ್ದೆ. ಆರು ತಿಂಗಳ ಕೋರ್ಸು ಮುಗಿಯುವ ಹೊತ್ತಿಗೆ ಅವಳ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಪೇಟೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದಾಗ ಗಡ್ಡೆಯ ಜೊತೆ ಬೆನ್ನೆಲುಬಿನ ಕಲೆಗಳೂ ಕಂಡವು. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಅದಾದ ಮೇಲೆ ಅವಳು ಬದುಕಿದ್ದು ಐದು ತಿಂಗಳು.

ಈ ಪತ್ರ ದೂರು ಅಲ್ಲ. ಅವಳನ್ನು ನೋಡಿದ ವೈದ್ಯರು ತಮ್ಮ ಎದುರು ಇದ್ದ ಸಲಕರಣೆಯಲ್ಲಿ ಮಾಡಬಹುದಾದದ್ದನ್ನು ಮಾಡಿದರು. ಆ ಸಲಕರಣೆ ಸಾಲದು ಎಂಬುದೇ ನನ್ನ ಮಾತು. ಅದಕ್ಕೆ ಸೇರಿಸಬಹುದಾದ ಒಂದು ಸಾಧ್ಯತೆ, ಮನುಷ್ಯ ಬಿಡುವ ಉಸಿರಿನಿಂದಲೇ ಈ ಕಾಯಿಲೆಯ ಸುಳಿವು ಹಿಡಿಯುವುದು, ಕಣ್ಣೆದುರು ಇದೆ. ಅದು ನಮ್ಮ ಜನರಿಗೆ ದಕ್ಕಬೇಕಾದರೆ ಸರ್ಕಾರ ಈಗಲೇ ಒಂದು ಕೆಲಸ ಮಾಡಬೇಕು: ನಮ್ಮ ಜನರ ಉಸಿರಿನ ಮಾದರಿಗಳದೇ ಒಂದು ಸಂಗ್ರಹ ಕಟ್ಟಬೇಕು. ಅದನ್ನು ಕೇಳಲೆಂದೇ ಬರೆಯುತ್ತಿದ್ದೇನೆ.

ಜಗತ್ತಿನ ದೇಶಗಳ ಕ್ಯಾನ್ಸರ್ ಲೆಕ್ಕ ಕೊಡುವ ಗ್ಲೋಬೊಕಾನ್‌ನ 2022ರ ಅಂದಾಜಿನ ಪ್ರಕಾರ ಆ ವರ್ಷ ಭಾರತದಲ್ಲಿ ಸುಮಾರು 81,700 ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಅದರಿಂದ ಸತ್ತವರು ಸುಮಾರು 75,000. ಈ ಎರಡು ಅಂಕಿಗಳು ಇಷ್ಟು ಹತ್ತಿರ ಇರುವುದೇ ಎಲ್ಲವನ್ನೂ ಹೇಳುತ್ತದೆ. ಕಾಯಿಲೆ ಗೊತ್ತಾಗುವುದು ಅದು ಕೈಮೀರಿದ ಮೇಲೆ. ಶ್ವಾಸಕೋಶದ ಒಳಗೆ ನೋವು ಅರಿಯುವ ನರಗಳು ಇಲ್ಲವೆನ್ನುವಷ್ಟು ಕಡಿಮೆ. ಗಡ್ಡೆ ಪಕ್ಕೆಗೋ ದೊಡ್ಡ ಶ್ವಾಸನಾಳಕ್ಕೋ ತಾಗುವವರೆಗೆ ದೇಹ ದೂರು ಕೊಡುವುದಿಲ್ಲ.

ಮೊದಲೇ ಹುಡುಕುವ ದಾರಿ ಇಲ್ಲವೆಂದಲ್ಲ. ಅಮೆರಿಕದಲ್ಲಿ 53,454 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು: ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಮಾಡಿದರೆ, ಬರೀ ಎಕ್ಸ್‌ರೇ ಮಾಡಿದ್ದಕ್ಕೆ ಹೋಲಿಸಿದಾಗ ಈ ಕ್ಯಾನ್ಸರ್‌ನ ಸಾವು ಶೇ 20ರಷ್ಟು ಇಳಿಯುತ್ತದೆ. ಆದರೆ ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು 55ರಿಂದ 74 ವರ್ಷದ, ಹಲವು ದಶಕ ಸಿಗರೇಟು ಸೇದಿದವರನ್ನು. ನನ್ನ ಅಕ್ಕ ಅಲ್ಲಿಯೇ ಹುಟ್ಟಿದ್ದರೂ ಆ ಬಾಗಿಲಲ್ಲಿ ಅವಳಿಗೆ ಪ್ರವೇಶ ಇರುತ್ತಿರಲಿಲ್ಲ. ಇನ್ನೊಂದು ಮಾತೂ ಇದೆ. ಆ ಸಿಟಿಯಲ್ಲಿ ‘ಏನೋ ಇದೆ’ ಎಂದು ಕಂಡದ್ದರಲ್ಲಿ ಶೇ 96ಕ್ಕೂ ಹೆಚ್ಚು ಕೊನೆಗೆ ಕ್ಯಾನ್ಸರ್ ಆಗಿರಲಿಲ್ಲ. ಕ್ಷಯದ ಹಳೆಯ ಗಾಯದ ಗುರುತುಗಳು ಮನೆಮನೆಯಲ್ಲಿರುವ ನಮ್ಮ ದೇಶದಲ್ಲಿ ಇನ್ನೆಷ್ಟು ನೆರಳುಗಳು ಕಾಣಬಹುದು, ಅವುಗಳ ಹಿಂದೆ ಎಷ್ಟು ಜನ ಸೂಜಿ ಚುಚ್ಚಿಸಿಕೊಳ್ಳಬೇಕಾಗಬಹುದು ಎಂದು ಎಕ್ಸ್‌ರೇ ನೋಡಿ ನೋಡಿ ಕಣ್ಣು ಪಳಗಿದ ಯಾರೂ ಊಹಿಸಬಲ್ಲರು.

ಸೇದದವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ದೇಶ ತೈವಾನ್. ಅಲ್ಲಿ ಸಿಗರೇಟು ಸೇದದ, ಆದರೆ ಬೇರೆ ಅಪಾಯಗಳಿರುವ 12,011 ಜನರಿಗೆ ಸಿಟಿ ಮಾಡಿ ನೋಡಿದರು. ಅಪಾಯಗಳ ಪಟ್ಟಿಯಲ್ಲಿ ಮನೆತನದಲ್ಲಿ ಕಾಯಿಲೆ ಇದ್ದದ್ದರ ಜೊತೆಗೆ ಅಡುಗೆಯ ಹೊಗೆಗೂ ಜಾಗ ಇತ್ತು. ನೂರಕ್ಕೆ ಎರಡಕ್ಕಿಂತ ಹೆಚ್ಚು ಜನರಲ್ಲಿ ಕ್ಯಾನ್ಸರ್ ಸಿಕ್ಕಿತು, ಹೆಚ್ಚಿನವು ಮೊದಲ ಹಂತದಲ್ಲೇ. 2022ರ ಜುಲೈನಿಂದ ಅಲ್ಲಿನ ಸರ್ಕಾರ, ಮನೆತನದಲ್ಲಿ ಕಾಯಿಲೆ ಇದ್ದವರಿಗೂ ಬಹಳ ಸೇದಿದವರಿಗೂ ಸಿಟಿ ತಪಾಸಣೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿಯೇ ನಡೆಸುತ್ತಿದೆ. ಕೆಲವರಿಗೆ ಎಂದೂ ತೊಂದರೆ ಕೊಡದ ಸಣ್ಣ ಗಡ್ಡೆಯನ್ನೂ ಕತ್ತರಿಸಿ ತೆಗೆಯುವಂತಾಗುತ್ತದೆ ಎಂಬ ಆಕ್ಷೇಪವೂ ಅಲ್ಲಿ ಎದ್ದಿದೆ, ಅದು ನ್ಯಾಯವೇ. ಆದರೂ ಒಲೆಯ ಮುಂದೆ ಕೂತ ಹೆಂಗಸರನ್ನು ಒಂದು ಅಧ್ಯಯನವಾದರೂ ಲೆಕ್ಕಕ್ಕೆ ತೆಗೆದುಕೊಂಡಿತಲ್ಲ ಎಂದು ಓದಿದ ದಿನ ನನಗೆ ಅಳು ಬಂತು.

ನಮ್ಮ ತಾಲ್ಲೂಕುಗಳಲ್ಲಿ ಎಲ್ಲರಿಗೂ ವರ್ಷಕ್ಕೊಂದು ಸಿಟಿ ಆಗದ ಮಾತು. ಹಾಗಾಗಿ ಯಾರನ್ನು ಸಿಟಿಗೆ ಕಳಿಸಬೇಕು ಎಂದು ಸೋಸಿ ಹೇಳುವ ಅಗ್ಗದ, ನೋವಿಲ್ಲದ ಒಂದು ಜರಡಿ ಬೇಕು. ಉಸಿರಿನ ಪರೀಕ್ಷೆಯಿಂದ ನಾನು ನಿರೀಕ್ಷಿಸುವುದು ಇಷ್ಟನ್ನೇ.

ಉಸಿರಿನಲ್ಲಿ ಇರುವುದಾದರೂ ಏನು? ಮುಕ್ಕಾಲು ಪಾಲು ಸಾರಜನಕ, ಬಳಕೆಯಾಗದೆ ಉಳಿದ ಆಮ್ಲಜನಕ, ಶೇ 4ರಿಂದ 5ರಷ್ಟು ಇಂಗಾಲದ ಡೈಆಕ್ಸೈಡ್, ನೀರಿನ ಆವಿ. ಇವೆಲ್ಲ ಕಳೆದ ಮೇಲೆ ಉಳಿಯುವ ಅತಿ ಚಿಕ್ಕ ಪಾಲಿನಲ್ಲಿ ನೂರಾರು ಆವಿರೂಪದ ರಾಸಾಯನಿಕಗಳಿವೆ, ಶತಕೋಟಿಯಲ್ಲಿ ಒಂದೆರಡು ಪಾಲಿನ ಲೆಕ್ಕದಲ್ಲಿ. ಅವು ರಕ್ತದಿಂದ ಗಾಳಿಗೂಡುಗಳಿಗೆ ದಾಟಿ ಹೊರಬರುತ್ತವೆ. 1971ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಉಸಿರನ್ನು ತಣ್ಣಗಿನ ನಳಿಕೆಯಲ್ಲಿ ಹಿಡಿದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಲ್ಲಿ ಬೇರ್ಪಡಿಸಿ, ಸುಮಾರು 250 ಬಗೆಯ ವಸ್ತುಗಳಿವೆ ಎಂದು ತೋರಿಸಿದರು. ಅದಕ್ಕೂ ಮೊದಲು ಇದು ವೈದ್ಯರ ಮೂಗಿಗೆ ಗೊತ್ತಿದ್ದ ವಿಷಯವೇ. ಸಕ್ಕರೆ ಕಾಯಿಲೆ ಕೆರಳಿ ಪ್ರಜ್ಞೆ ತಪ್ಪಿದವರ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಹಿಡಿದು, ರಕ್ತದ ವರದಿ ಬರುವ ಮುಂಚೆಯೇ ಕಾಯಿಲೆ ಹೇಳುತ್ತಿದ್ದ ಹಿರಿಯ ಸಿಸ್ಟರ್ ಒಬ್ಬರು ನಮ್ಮ ವಾರ್ಡಿನಲ್ಲಿದ್ದರು. ಹೊಟ್ಟೆಯ ಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾವನ್ನು ಉಸಿರಿನಿಂದಲೇ ಪತ್ತೆಮಾಡುವ ಯೂರಿಯಾ ಪರೀಕ್ಷೆ ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ನಿತ್ಯದ್ದು. ಕುಡಿದು ಗಾಡಿ ಓಡಿಸುವವರನ್ನು ಪೊಲೀಸರು ಊದಿಸುವುದಂತೂ ಎಲ್ಲರಿಗೂ ಗೊತ್ತು.

ಕ್ಯಾನ್ಸರ್ ಕೋಶ ಬೇರೆ ರೀತಿಯಲ್ಲಿ ಉಣ್ಣುತ್ತದೆ, ಬೇರೆ ರೀತಿಯಲ್ಲಿ ಕಸ ಹೊರಹಾಕುತ್ತದೆ. ಅದರ ಪೊರೆಯ ಕೊಬ್ಬು ಆಮ್ಲಜನಕದ ಉಪಟಳಕ್ಕೆ ಸಿಕ್ಕಿ ಒಡೆದಾಗ ಆಲ್ಕೇನ್‌ಗಳು, ಹೆಕ್ಸನಾಲ್, ಹೆಪ್ಟನಾಲ್‌ನಂಥ ಆಲ್ಡಿಹೈಡ್‌ಗಳು ಎಂಬ ಆವಿಯಾಗುವ ರಾಸಾಯನಿಕಗಳು ಹುಟ್ಟುತ್ತವೆ. ಅವುಗಳ ಕೂಟವೇ ಒಂದು ಬೆರಳಚ್ಚಿನಂತೆ ಇರಬಹುದು ಎಂಬುದು ಈ ವಿದ್ಯೆಯ ಮೂಲ ಊಹೆ. 1999ರಲ್ಲಿ ಮೈಕೇಲ್ ಫಿಲಿಪ್ಸ್ ಅವರ ತಂಡ, ಎಕ್ಸ್‌ರೇಯಲ್ಲಿ ದೋಷ ಕಂಡು ಶ್ವಾಸನಾಳದ ಎಂಡೋಸ್ಕೋಪಿಗೆ ಬಂದ 108 ಜನರ ಉಸಿರನ್ನು ಪರೀಕ್ಷಿಸಿ, 22 ರಾಸಾಯನಿಕಗಳ ಕೂಟದಿಂದ ಕ್ಯಾನ್ಸರ್ ಇರುವವರನ್ನು ಇಲ್ಲದವರಿಂದ ಬೇರ್ಪಡಿಸಬಹುದು ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. 2009ರಲ್ಲಿ ಇಸ್ರೇಲಿನ ಹೊಸಾಮ್ ಹೈಕ್ ತಂಡ ಚಿನ್ನದ ಅತಿಸೂಕ್ಷ್ಮ ಕಣಗಳಿಂದ ಮಾಡಿದ ಸಂವೇದಕಗಳಲ್ಲಿ ಅದನ್ನೇ ಪ್ರಯತ್ನಿಸಿತು. ಚೀನಾದಲ್ಲಿ ಸಂಶೋಧಕರು ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುವ ಮೊದಲು ಮತ್ತು ತೆಗೆದ ಮೇಲೆ ಅದೇ ರೋಗಿಯ ಉಸಿರನ್ನು ಹೋಲಿಸಿ ನೋಡಿದರು. ನನಗೆ ಬಹಳ ಹಿಡಿಸಿದ ಉಪಾಯ ಇದು. ಒಬ್ಬನೇ ಮನುಷ್ಯ, ಅದೇ ಊಟ, ಅದೇ ವಯಸ್ಸು. ಬದಲಾದದ್ದು ಬಹುಮಟ್ಟಿಗೆ ಗಡ್ಡೆಯೊಂದೇ.

ನಾಯಿಗಳ ಕಥೆಯನ್ನೂ ಹೇಳಲೇಬೇಕು. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐದು ಸಾಕುನಾಯಿಗಳಿಗೆ ಕೆಲವೇ ವಾರಗಳ ತರಬೇತಿ ಕೊಟ್ಟು ಉಸಿರಿನ ಮಾದರಿ ಮೂಸಿಸಿದಾಗ ಅವು ಹೆಚ್ಚುಕಡಿಮೆ ತಪ್ಪಿಲ್ಲದೆ ಶ್ವಾಸಕೋಶದ ಕ್ಯಾನ್ಸರ್ ಗುರುತಿಸಿದವು. ಜಗತ್ತೇ ಬೆರಗಾಯಿತು. ಹತ್ತು ವರ್ಷದ ನಂತರ ಆಸ್ಟ್ರಿಯಾದಲ್ಲಿ ನಿಜವಾದ ತಪಾಸಣೆಯಂಥ ಸನ್ನಿವೇಶದಲ್ಲಿ, ಯಾವ ಮಾದರಿ ಯಾರದೆಂದು ನಾಯಿ ನಡೆಸುವವರಿಗೂ ಗೊತ್ತಿಲ್ಲದಂತೆ ಮಾಡಿದಾಗ ಅದೇ ನಿಖರತೆ ಉಳಿಯಲಿಲ್ಲ. ಕಾಯಿಲೆ ಇಲ್ಲದ ಬಹಳ ಜನರನ್ನೂ ನಾಯಿಗಳು ‘ಇದೆ’ ಎಂದು ತೋರಿಸಿದವು. ಉತ್ತರ ಯಾರಿಗೂ ತಿಳಿಯದಿದ್ದರೆ ಸರಿ ಮೂಸಿದಾಗ ನಾಯಿಗೆ ತಿಂಡಿ ಕೊಡುವವರೂ ಇಲ್ಲ, ಅದರ ಉತ್ಸಾಹ ಇಳಿಯುತ್ತದೆ. ಇವತ್ತು ಬೆಂಗಳೂರಿನಲ್ಲೇ ಇಂಥ ಕೆಲಸ ನಡೆದಿದೆ. ಜನರು ಕೆಲವು ನಿಮಿಷ ಮಾಸ್ಕ್‌ನಲ್ಲಿ ಉಸಿರಾಡಿ ಕೊಡುತ್ತಾರೆ, ನಾಯಿಗಳು ಅದನ್ನು ಮೂಸುತ್ತವೆ, ಅವುಗಳ ಚಲನವಲನವನ್ನು ಕಂಪ್ಯೂಟರ್ ಓದುತ್ತದೆ. ಅದು ಗೆಲ್ಲಲಿ ಎಂದು ಮನಸಾರೆ ಬಯಸುತ್ತೇನೆ. ಆದರೆ ಕ್ಯಾಲಿಫೋರ್ನಿಯಾ ಮತ್ತು ಆಸ್ಟ್ರಿಯಾ ಎರಡನ್ನೂ ನೆನಪಿಟ್ಟುಕೊಂಡೇ ಬಯಸುತ್ತೇನೆ.

ಪಾಲಿಂಗ್ ಅವರಿಂದ ಇಲ್ಲಿಗೆ ಅರ್ಧ ಶತಮಾನ ಕಳೆದಿದೆ. ಇಷ್ಟಾದರೂ ಶ್ವಾಸಕೋಶದ ಕ್ಯಾನ್ಸರ್‌ಗೆ ಉಸಿರಿನ ಪರೀಕ್ಷೆ ನಿತ್ಯದ ಚಿಕಿತ್ಸೆಯೊಳಗೆ ಏಕೆ ಬಂದಿಲ್ಲ? ಒಂದು ತಂಡ ಕಂಡ ರಾಸಾಯನಿಕಗಳ ಪಟ್ಟಿ ಇನ್ನೊಂದು ತಂಡದ ಪಟ್ಟಿಗೆ ಹೊಂದುವುದಿಲ್ಲ. ಹೆಚ್ಚಿನ ಅಧ್ಯಯನಗಳು ನೂರಿನ್ನೂರು ಜನರವು. ರೋಗಿಯ ಉಸಿರನ್ನು ಆಸ್ಪತ್ರೆಯಲ್ಲಿ, ಆರೋಗ್ಯವಂತರದನ್ನು ಕಚೇರಿಯಲ್ಲಿ ಹಿಡಿದರೆ ಯಂತ್ರ ಕಲಿಯುವುದು ಕ್ಯಾನ್ಸರನ್ನಲ್ಲ, ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆಯನ್ನು. ಬೆಂಜೀನ್, ಟಾಲ್ಯೂನ್‌ನಂಥ ರಾಸಾಯನಿಕ ಕಂಡರೆ ಅದು ಗಡ್ಡೆಯದೋ ಸಿಗರೇಟಿನದೋ? ಹಿಂದಿನ ರಾತ್ರಿಯ ಊಟ, ಬೆಳಗಿನ ಟೂತ್‌ಪೇಸ್ಟ್, ಉಬ್ಬಸ, ವಯಸ್ಸು ಎಲ್ಲವೂ ಉಸಿರಿನಲ್ಲಿ ತಮ್ಮ ಗುರುತು ಬಿಡುತ್ತವೆ. ಇನ್ನು ಸಹಜ ಉಸಿರೊಂದರ ಸುಮಾರು 500 ಮಿಲಿಲೀಟರ್ ಗಾಳಿಯಲ್ಲಿ 150 ಮಿಲಿಲೀಟರ್ ಬಾಯಿ, ಗಂಟಲು, ನಾಳಗಳಲ್ಲೇ ನಿಂತು ಹಿಂತಿರುಗುವಂಥದ್ದು. ರಕ್ತದ ಸುದ್ದಿ ತರುವುದು ಕೊನೆಯಲ್ಲಿ ಬರುವ ಆಳದ ಗಾಳಿ. ಅದನ್ನಷ್ಟೇ ಹಿಡಿಯುವುದಕ್ಕೆ ಕೈಚಳಕ ಬೇಕು, ಶಿಸ್ತು ಬೇಕು.

ಲೆಕ್ಕವನ್ನೂ ನೋಡಿಬಿಡೋಣ. ಅಧಿಕಾರಿಗಳು ಯಂತ್ರ ಕೊಳ್ಳುವ ಮುನ್ನ ನೋಡಬೇಕಾದದ್ದೂ ಇದನ್ನೇ. ಬೇರೆ ಬೇರೆ ಕ್ಯಾನ್ಸರ್‌ಗಳ 63 ಉಸಿರಿನ ಅಧ್ಯಯನಗಳನ್ನು ಕೂಡಿಸಿದ 2019ರ ವಿಮರ್ಶೆಯ ಪ್ರಕಾರ, ಈ ಪರೀಕ್ಷೆಗಳು ಕಾಯಿಲೆ ಇರುವ 100 ಜನರಲ್ಲಿ 79 ಜನರನ್ನು ಹಿಡಿದವು, ಇಲ್ಲದ 100ರಲ್ಲಿ 89 ಜನರನ್ನು ಸರಿಯಾಗಿ ಬಿಟ್ಟುಕೊಟ್ಟವು. ಕೇಳಲು ಚೆನ್ನಾಗಿದೆ. ಈಗ ಅಪಾಯ ಹೆಚ್ಚಿರುವ 10,000 ಜನರನ್ನು ಊದಿಸಿದೆವು, ಅವರಲ್ಲಿ ನೂರಕ್ಕೊಬ್ಬರಂತೆ 100 ಜನರಿಗೆ ಕ್ಯಾನ್ಸರ್ ಇದೆ ಎನ್ನಿ. ಪರೀಕ್ಷೆ 79 ಜನರನ್ನು ಹಿಡಿಯುತ್ತದೆ, 21 ಜನರಿಗೆ ‘ಏನೂ ಇಲ್ಲ, ಹೋಗಿ’ ಎನ್ನುತ್ತದೆ. ಕಾಯಿಲೆ ಇಲ್ಲದ 9,900 ಜನರಲ್ಲಿ 1,089 ಜನರಿಗೆ ‘ಇದ್ದೀತು’ ಎನ್ನುತ್ತದೆ. ‘ಇದ್ದೀತು’ ಎನಿಸಿಕೊಂಡ 1,168 ಜನರಲ್ಲಿ ನಿಜವಾಗಿ ಕಾಯಿಲೆ ಇರುವವರು 79, ನೂರಕ್ಕೆ ಏಳು ಜನ ಅಷ್ಟೇ. ಇದನ್ನೇ ಅಪಾಯ ಕಡಿಮೆ ಇರುವ ಊರಿನ ಜನರನ್ನೆಲ್ಲ ಸಾಲಾಗಿ ನಿಲ್ಲಿಸಿ ಮಾಡಿದರೆ ನೂರಕ್ಕೆ ಒಬ್ಬರೂ ಸಿಗುವುದಿಲ್ಲ, ಭಯ ಮಾತ್ರ ಊರೆಲ್ಲ ಹರಡುತ್ತದೆ. ಆದರೆ 10,000 ಸಿಟಿಯ ಬದಲು 1,168 ಸಿಟಿ ಮಾಡಿ 79 ಜನರನ್ನು ಹಿಡಿಯಲಾದರೆ, ಸಿಟಿ ಯಂತ್ರಕ್ಕೆ ಐವತ್ತು ಮೈಲಿ ಬಸ್ಸಿನಲ್ಲಿ ಹೋಗಬೇಕಾದ ಊರುಗಳಿಗೆ ಅದು ಸಣ್ಣ ಮಾತಲ್ಲ. ತಪ್ಪಿಹೋಗುವ ಆ 21 ಜನರಿಗಾಗಿ ಒಂದು ಕಟ್ಟುನಿಟ್ಟು ಇರಬೇಕು: ಕೆಮ್ಮು ನಿಲ್ಲದಿದ್ದರೆ ಉಸಿರಿನ ಪರೀಕ್ಷೆ ಏನೇ ಹೇಳಲಿ, ಸಿಟಿ ಆಗಲೇಬೇಕು.

ಈ ಅಂಕಿಗಳೂ ಬಹುಪಾಲು ಹೊರದೇಶಗಳ ಉಸಿರಿನವು. ನನ್ನ ಚಿಂತೆಯೆಲ್ಲ ಇಲ್ಲೇ ಬಂದು ನಿಲ್ಲುತ್ತದೆ. ಕ್ಲೀವ್‌ಲ್ಯಾಂಡಿನಲ್ಲೋ ಕೇಂಬ್ರಿಡ್ಜಿನಲ್ಲೋ ಬೀಜಿಂಗಿನಲ್ಲೋ ಕಲಿತ ಯಂತ್ರಕ್ಕೆ ಬಚ್ಚಲ ಒಲೆ ಗೊತ್ತಿಲ್ಲ. ಎಲೆ ಅಡಿಕೆ ಹೊಗೆಸೊಪ್ಪು ಜಗಿದ ಬಾಯಿ ಗೊತ್ತಿಲ್ಲ. ಬಂಟ್ವಾಳ, ಬೆಳ್ತಂಗಡಿಯ ಕಡೆ ಮನೆಯ ಜಗುಲಿಯಲ್ಲಿ ಕೂತು ದಿನವಿಡೀ ಬೀಡಿ ಕಟ್ಟುವ, ತಾನೆಂದೂ ಸೇದದ ಹೆಂಗಸಿನ ಉಸಿರು ಗೊತ್ತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಕ್ಷಯವನ್ನು ಹೆಚ್ಚು ನೋಡಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕನೇ ಒಂದು ಪಾಲು ಭಾರತದಲ್ಲಿದ್ದಾರೆ. ನಮಗೆ ಬೇಕಾದ ಪರೀಕ್ಷೆ ‘ಕ್ಯಾನ್ಸರೋ ಆರೋಗ್ಯವೋ’ ಎಂಬುದಕ್ಕೆ ಉತ್ತರಿಸಿದರೆ ಸಾಲದು. ‘ಕ್ಯಾನ್ಸರೋ ಕ್ಷಯವೋ’ ಎಂಬುದಕ್ಕೆ ಉತ್ತರಿಸಬೇಕು. ನನ್ನ ಅಕ್ಕನ ಆರು ತಿಂಗಳು ಕಳೆದುಹೋದದ್ದು ಆ ಪ್ರಶ್ನೆಯಲ್ಲೇ.

ಇದಕ್ಕೆ ದಾರಿ ತೋರಿಸುವ ಹಳೆಯ ಉದಾಹರಣೆಯೊಂದು ನಮ್ಮ ರಾಜ್ಯದಲ್ಲೇ ಇದೆ. ಕ್ಷಯದ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಮೊದಲ ಸಲ ಅದರ ಕಥೆ ಕೇಳಿದ್ದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರಾಗಿ ಬರುವುದಿಲ್ಲ, ಎಕ್ಸ್‌ರೇ ವ್ಯಾನು ಊರೂರಿಗೆ ಹೋಗಿ ಹಿಡಿಯಬೇಕು ಎಂದೇ ಆಗ ಬಹಳ ಜನ ತಿಳಿದಿದ್ದರು. ಬ್ಯಾನರ್ಜಿ ಮತ್ತು ಆ್ಯಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಸಮೀಕ್ಷೆಯ ಎಕ್ಸ್‌ರೇಯಲ್ಲಿ ಕ್ಷಯದ ಗುರುತು ಕಂಡವರನ್ನು ಕೂರಿಸಿಕೊಂಡು ಕೇಳಿದರು. ಹೆಚ್ಚಿನವರಿಗೆ ತಮಗೆ ಏನೋ ಆಗಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬೆಂಗಳೂರಿನ ಸಂಸ್ಥೆಯ ಇಂಥ ಕೆಲಸಗಳ ಮೇಲೆಯೇ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿತು: ಬಂದ ಕೆಮ್ಮನ್ನು ಕೇಳು, ಕಫ ನೋಡು, ಮದ್ದು ಕೊಡು. ದಾರಿ ಸಿಕ್ಕಿದ್ದು ತುಮಕೂರಿನ ರೈತರ ಬಾಯಿಂದ, ಜಿನೀವಾದಿಂದ ಬಂದ ಯಂತ್ರದಿಂದಲ್ಲ.

ಅಂಥ ಕೆಲಸ ಮತ್ತೆ ಆಗಲಿ ಎಂಬುದೇ ನನ್ನ ಕೋರಿಕೆ. ಕರ್ನಾಟಕ ತನ್ನದೇ ಒಂದು ಉಸಿರು ಸಂಗ್ರಹ ಕಟ್ಟಲಿ. ರಕ್ತನಿಧಿ ಇರುವಂತೆ ಉಸಿರಿಗೂ ಒಂದು ನಿಧಿ. ಚಿಕಿತ್ಸೆ ಶುರುವಾಗುವ ಮೊದಲು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಖಚಿತವಾದವರ ಉಸಿರು, ಶಸ್ತ್ರಚಿಕಿತ್ಸೆ ಆದವರದು ಆ ಮೇಲೆ ಇನ್ನೊಮ್ಮೆ. ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಷಯ ಖಚಿತವಾದವರದು, ಹಳೆಯ ಉಬ್ಬಸದವರದು. ಜೊತೆಗೆ ಪ್ರತಿ ರೋಗಿಯ ಮನೆಯಿಂದ ಆರೋಗ್ಯವಾಗಿರುವ ಒಬ್ಬರದು, ಏಕೆಂದರೆ ಅದೇ ಒಲೆ, ಅದೇ ನೀರು, ಅದೇ ಸಾರು ಉಂಡವರಿಗಿಂತ ಸರಿಯಾದ ಹೋಲಿಕೆ ಎಲ್ಲಿ ಸಿಕ್ಕೀತು? ಪ್ರತಿ ಉಸಿರಿನ ಜೊತೆ ಆ ಕೋಣೆಯ ಗಾಳಿಯನ್ನೂ ಪ್ರತ್ಯೇಕವಾಗಿ ಹಿಡಿದಿಡಬೇಕು. ಎಲ್ಲ ಕಡೆ ಒಂದೇ ಬಗೆಯ ನಳಿಕೆ, ಒಂದೇ ಹೊತ್ತು, ಹಲ್ಲುಜ್ಜದೆ, ಬರಿಹೊಟ್ಟೆಯಲ್ಲಿ. ಕೊಟ್ಟವರನ್ನು ಕೆಲವು ವರ್ಷ ಬಿಡದೆ ಹಿಂಬಾಲಿಸಬೇಕು. ಇವತ್ತು ಆರೋಗ್ಯವಾಗಿದ್ದು ಮೂರು ವರ್ಷದ ಮೇಲೆ ಕಾಯಿಲೆ ಬಿದ್ದವರ ಇವತ್ತಿನ ಉಸಿರೇ ಎಲ್ಲಕ್ಕಿಂತ ಬೆಲೆಬಾಳುವ ಮಾದರಿ.

ಇದನ್ನು ನಡೆಸಲು ಹೊರಗಿನಿಂದ ಯಾರನ್ನೂ ಕರೆಸಬೇಕಿಲ್ಲ. ದೇಶದ ಕ್ಯಾನ್ಸರ್ ನೋಂದಣಿಯ ಲೆಕ್ಕ ಇಡುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕೇಂದ್ರ ಬೆಂಗಳೂರಿನಲ್ಲಿದೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1980ರ ದಶಕದ ಆರಂಭದಿಂದ ನಡೆದುಬಂದಿದೆ. ಅನಿಲ ಸಂವೇದಕಗಳ ಮೇಲೆ ಕೆಲಸ ಮಾಡುವವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಕ್ಷಯದ ಜೀನ್ ಪರೀಕ್ಷೆ ಮಾಡುವ ಟ್ರೂನ್ಯಾಟ್ ಯಂತ್ರ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಬ್ಯಾಟರಿಯಲ್ಲಿ ನಡೆಯುವ ಆ ಯಂತ್ರ ಕರೆಂಟು ಆಗಾಗ ಹೋಗುವ ಊರುಗಳಿಗೆ ವರವಾಯಿತು. ನಮ್ಮ ನೆಲದಲ್ಲಿ ಹುಟ್ಟಿ, ನಮ್ಮ ರೋಗಿಗಳ ಮೇಲೆ ಸಾಬೀತಾಗಿ ಜಗತ್ತಿಗೆ ಹೋದ ಯಂತ್ರ ಈಗಾಗಲೇ ಒಂದಿದೆ ಎಂದ ಮೇಲೆ ಇನ್ನೊಂದೂ ಆದೀತು.

ಸಂಗ್ರಹ ಸರ್ಕಾರದ್ದಾಗಿರಲಿ. ಯಾವ ಕಂಪನಿ ಯಂತ್ರ ತಂದರೂ, ನಾಯಿ ತಂದರೂ, ಗುರುತು ಮುಚ್ಚಿದ ಮಾದರಿ ಕೊಟ್ಟು ‘ಹೇಳಿ ನೋಡೋಣ’ ಎನ್ನುವ ಪರೀಕ್ಷಾ ಮನೆ ಇದಾಗಲಿ. ಅಧ್ಯಯನ ಮೊದಲೇ ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಲಿ, ಫಲಿತಾಂಶ ಸೋತರೂ ಪ್ರಕಟವಾಗಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿ, ತುಳು, ಉರ್ದು, ಲಂಬಾಣಿ ಮಾತಾಡುವವರಿಗೆ ಅವರ ಮಾತಿನಲ್ಲಿ ಓದಿ ಹೇಳಿಯೇ ಆಗಲಿ. ಮಾದರಿ ತರುವ ಆಶಾ ಕಾರ್ಯಕರ್ತೆಯರಿಗೆ ಈ ಕೆಲಸಕ್ಕೆ ಬೇರೆಯೇ ಸಂಭಾವನೆ ಇರಲಿ. ಈಗಿರುವ ಹೊರೆಯ ಮೇಲೆ ಇದನ್ನು ಸುಮ್ಮನೆ ಹೇರಬೇಡಿ.

ಅದು ಸಿದ್ಧವಾಗುವವರೆಗೆ ಸಾಯುವವರು ಕಾಯುವುದಿಲ್ಲ, ಹಾಗಾಗಿ ಇನ್ನೆರಡು ಮಾತು. ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ತಪಾಸಣೆ ಇರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗೆ ಮಾತ್ರ. ಮನೆಬಾಗಿಲಿಗೆ ಬರುವ ನಮ್ಮ ಗೃಹ ಆರೋಗ್ಯ ಯೋಜನೆಯ ಪ್ರಶ್ನೆಗಳಲ್ಲಿ ಇಷ್ಟನ್ನಾದರೂ ಸೇರಿಸಿ: ಮೂರು ವಾರ ಮೀರಿದ ಕೆಮ್ಮು ಇದೆಯೇ, ಕಫದಲ್ಲಿ ರಕ್ತ ಇದೆಯೇ, ಎಷ್ಟು ವರ್ಷ ಸೌದೆ ಒಲೆಯ ಮುಂದೆ ಕೂತಿದ್ದೀರಿ. ಈ ಮೂರನೆಯ ಪ್ರಶ್ನೆಯನ್ನು ನಮ್ಮ ಹೆಂಗಸರಿಗೆ ಕೇಳುವವರು ಕಡಿಮೆ. ನನ್ನ ಎರಡನೆಯ ಮಾತು, ಕಫ ಮತ್ತು ಟ್ರೂನ್ಯಾಟ್ ಎರಡರಲ್ಲೂ ಕ್ಷಯ ಸಿಗದೆ, ಎಕ್ಸ್‌ರೇಯಲ್ಲಿ ನೆರಳು ಮಾತ್ರ ಇದ್ದರೆ, ಬರೀ ಅಂದಾಜಿನ ಮೇಲೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸುವ ಮೊದಲು ಸಿಟಿಗೆ ಕಳಿಸುವ ಚೀಟಿ ಕಡ್ಡಾಯವಾಗಲಿ. ಹದಿನೈದು ದಿನದೊಳಗೆ ಸರದಿ ಸಿಗಲಿ, ಬಸ್ಸಿನ ಖರ್ಚೂ ಸಿಗಲಿ. ಈ ದಾರಿ ಸರಿಯಾಗದಿದ್ದರೆ ಮುಂದೆ ಉಸಿರಿನ ಯಂತ್ರ ಬಂದರೂ ಅದು ತೋರಿಸಿದ ಮನುಷ್ಯ ಅದೇ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾನೆ.

ಸಾರ್ವಜನಿಕರಲ್ಲಿ ಒಂದು ವಿನಂತಿ. ‘ಒಮ್ಮೆ ಊದಿ, ಕ್ಯಾನ್ಸರ್ ಇಲ್ಲವೆಂಬ ಸರ್ಟಿಫಿಕೇಟ್ ಪಡೆಯಿರಿ’ ಎಂಬ ಸಂದೇಶಗಳು ಫೋನಿನಲ್ಲಿ ಓಡಾಡುತ್ತಿವೆ. ಅಂಥ ಸರ್ಟಿಫಿಕೇಟ್ ಕೊಡುವಷ್ಟು ಸಾಬೀತಾದ ಉಸಿರಿನ ಪರೀಕ್ಷೆ ಇವತ್ತು ಯಾರ ಬಳಿಯೂ ಇಲ್ಲ. ಕೆಮ್ಮು ಇದ್ದರೆ ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ತೆಗೆಸಿ, ಮದ್ದು ತಿಂದರೂ ಹೋಗದಿದ್ದರೆ ಮತ್ತೆ ಹೋಗಿ. ‘ಹೊಗೆ ಕುಡಿದ ಗಂಟಲು’ ಎಂಬ ಮಾತನ್ನು ದಯಮಾಡಿ ನಂಬಬೇಡಿ.

ಮಾನ್ಯರೇ, ಅಕ್ಕನ ಎಕ್ಸ್‌ರೇ ಫಿಲ್ಮ್ ಈಗಲೂ ನನ್ನ ಬೀರುವಿನಲ್ಲಿದೆ. ಅವಳ ಉಸಿರು ಮಾತ್ರ ಎಲ್ಲೂ ಉಳಿದಿಲ್ಲ. ಅವಳು ಊದಿದ ಒಲೆಯ ಪಕ್ಕದಲ್ಲೇ ಮಲಗಿ ಬೆಳೆದವನು ನಾನು, ಈಗ ನನಗೆ 63. ನೀವು ಹೇಳಿದ ದಿನ, ಹೇಳಿದ ಊರಿಗೆ, ಹಲ್ಲುಜ್ಜದೆ, ಬರಿಹೊಟ್ಟೆಯಲ್ಲಿ ಬಂದು ಕೂರುತ್ತೇನೆ. ಮೊದಲ ನಳಿಕೆಗೆ ನನ್ನ ಉಸಿರು ತೆಗೆದುಕೊಳ್ಳಿ.

ಇಂತಿ ತಮ್ಮ ವಿಧೇಯ,
ನಿವೃತ್ತ ಎಕ್ಸ್‌ರೇ ತಂತ್ರಜ್ಞ,
ಶಿವಮೊಗ್ಗ ಜಿಲ್ಲೆ